ಓದುಗರ ಪ್ರಶ್ನೆ, ನಮ್ಮ ಉತ್ತರ: ಖಾಸಗಿ ಬಾಹ್ಯಾಕಾಶ ಯಾನದಲ್ಲಿ ಅಪಾಯ ಯಾರ ಪಾಲಿಗೆ?

ಖಾಸಗಿ ಕಂಪನಿಗಳ ಬಾಹ್ಯಾಕಾಶ ಯಾನದ ಬಗ್ಗೆ ಓದುಗರು ಕಳುಹಿಸಿದ ಪ್ರಶ್ನೆಗಳಲ್ಲಿ ಕೆಲವನ್ನು ಆಯ್ದು ಇಲ್ಲಿ ಉತ್ತರಿಸಿದ್ದೇವೆ. ಒಂದೇ ಸಂದೇಹವನ್ನು ಹಲವರು ಬೇರೆ ಬೇರೆ ಮಾತುಗಳಲ್ಲಿ ಕೇಳಿದ್ದಲ್ಲಿ ಅವನ್ನು ಒಟ್ಟುಗೂಡಿಸಿದ್ದೇವೆ.

ಪ್ರಶ್ನೆ: ಹಿಂದೆಯೂ ರಾಕೆಟ್ಟುಗಳನ್ನು ಖಾಸಗಿ ಕಂಪನಿಗಳೇ ತಯಾರಿಸಿ ಕೊಡುತ್ತಿದ್ದವು. ಹೀಗಿರುವಾಗ ‘ಖಾಸಗಿ ಬಾಹ್ಯಾಕಾಶ ಯುಗ’ ಎಂದು ಈಗ ಹೇಳುವುದರಲ್ಲಿ ಹೊಸದೇನಿದೆ?

ಉತ್ತರ: ನಿಮ್ಮ ಆಕ್ಷೇಪದಲ್ಲಿ ಹುರುಳಿದೆ. ಅಪೊಲೊ ಯಾನಿಗಳನ್ನು ಚಂದ್ರನ ಮೇಲಿಳಿಸಿದ ನೌಕೆಯನ್ನು ಕಟ್ಟಿದ್ದು ಗ್ರಮ್ಮನ್ ಎಂಬ ಖಾಸಗಿ ಕಂಪನಿಯೇ. ಆದರೆ ಆ ಕಾಲದಲ್ಲಿ ನೌಕೆ ಹೇಗಿರಬೇಕೆಂಬುದನ್ನು ನಾಸಾ ಸಂಸ್ಥೆ ತೀರ್ಮಾನಿಸುತ್ತಿತ್ತು, ಕಂಪನಿಗೆ ಆದ ಖರ್ಚನ್ನೆಲ್ಲ ಭರಿಸಿ ಅದರ ಮೇಲೆ ಲಾಭವನ್ನೂ ಕೊಡುತ್ತಿತ್ತು, ಮತ್ತು ಕೆಲಸ ಮುಗಿದ ಮೇಲೆ ನೌಕೆ ಸರ್ಕಾರದ ಸ್ವತ್ತಾಗುತ್ತಿತ್ತು. ಈಗ ಬದಲಾಗಿರುವುದು ಮುಖ್ಯವಾಗಿ ಈ ಕರಾರು. ವಿನ್ಯಾಸ ಮತ್ತು ಒಡೆತನ ಕಂಪನಿಯದು; ಸರ್ಕಾರ ನಿಗದಿತ ಬೆಲೆ ಕೊಟ್ಟು ಸೇವೆಯನ್ನಷ್ಟೇ ಕೊಳ್ಳುತ್ತದೆ; ಲೆಕ್ಕ ತಪ್ಪಿದರೆ ನಷ್ಟ ಕಂಪನಿಯದು.

ಈ ಕರಾರು ಎಷ್ಟು ಕಟ್ಟುನಿಟ್ಟಿನದು ಎಂಬುದಕ್ಕೆ ಒಂದೇ ವರ್ಷದ ಎರಡು ಗುತ್ತಿಗೆಗಳನ್ನು ನೋಡಬಹುದು. ಗಗನಯಾತ್ರಿಗಳನ್ನು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಕರೆದೊಯ್ಯಲು ನಾಸಾ 2014ರಲ್ಲಿ ಬೋಯಿಂಗ್ ಕಂಪನಿಗೆ ಸುಮಾರು 420 ಕೋಟಿ ಡಾಲರ್, ಸ್ಪೇಸ್‌ಎಕ್ಸ್ ಕಂಪನಿಗೆ ಸುಮಾರು 260 ಕೋಟಿ ಡಾಲರ್ ಮೊತ್ತದ ಗುತ್ತಿಗೆ ನೀಡಿತು. ಕಡಿಮೆ ಹಣ ಪಡೆದ ಕಂಪನಿ 2020ರ ಮೇ ತಿಂಗಳಲ್ಲಿ ಇಬ್ಬರು ಗಗನಯಾತ್ರಿಗಳನ್ನು ಕಳುಹಿಸಿತು. ಹೆಚ್ಚು ಹಣ ಪಡೆದ, ದಶಕಗಳ ಅನುಭವವಿದ್ದ ಕಂಪನಿ ಆ ಹಂತವನ್ನು ಮುಟ್ಟಿದ್ದು 2024ರ ಜೂನ್‌ನಲ್ಲಿ. ಅಷ್ಟರಲ್ಲಿ ಅದು ಕೈಯಿಂದ 150 ಕೋಟಿ ಡಾಲರಿಗೂ ಹೆಚ್ಚು ಕಳೆದುಕೊಂಡಿತ್ತು.

ತಾಂತ್ರಿಕವಾಗಿ ಹೊಸತೆಂದರೆ ರಾಕೆಟ್ಟಿನ ಮರುಬಳಕೆ. ಸ್ಪೇಸ್‌ಎಕ್ಸ್‌ನ ಫಾಲ್ಕನ್ 9 ರಾಕೆಟ್ಟಿನ ಮೊದಲ ಹಂತ ಉಪಗ್ರಹಗಳನ್ನು ಕಳುಹಿಸಿ ನೆಲಕ್ಕೆ ಮರಳಿ ನೆಟ್ಟಗೆ ನಿಂತದ್ದು 2015ರ ಡಿಸೆಂಬರ್‌ನಲ್ಲಿ; ಹಾಗೆ ಮರಳಿದ ಹಂತವೊಂದು ಎರಡನೆಯ ಬಾರಿ ಹಾರಿದ್ದು 2017ರ ಮಾರ್ಚ್‌ನಲ್ಲಿ. 2024ರ ಒಂದೇ ವರ್ಷದಲ್ಲಿ ಈ ರಾಕೆಟ್ 130 ಬಾರಿಗೂ ಹೆಚ್ಚು ಹಾರಿತು. ಇದೇ ಕಂಪನಿಯ ಮೊದಲ ರಾಕೆಟ್ ಆದ ಫಾಲ್ಕನ್ 1 ಸತತ ಮೂರು ಬಾರಿ ವಿಫಲವಾಗಿತ್ತು ಎಂಬುದನ್ನೂ ಇಲ್ಲಿ ಹೇಳಬೇಕು. ಮೂರನೆಯ ಸಲ ಬೇರ್ಪಟ್ಟ ಕೆಳಹಂತದ ಎಂಜಿನ್ನಿನಲ್ಲಿ ಇನ್ನೂ ತುಸು ನೂಕುಬಲ ಉಳಿದಿದ್ದರಿಂದ ಅದು ಮೇಲೇರಿ ಹೋಗಿ ಮೇಲ್ಹಂತಕ್ಕೇ ಡಿಕ್ಕಿ ಹೊಡೆಯಿತು. 2008ರ ಸೆಪ್ಟೆಂಬರ್ 28ರ ನಾಲ್ಕನೆಯ ಪ್ರಯತ್ನ ಯಶಸ್ವಿಯಾಯಿತು, ಮತ್ತು ಅದೇ ವರ್ಷದ ಕೊನೆಗೆ ನಾಸಾದ ಸರಕು ಸಾಗಣೆಯ ಗುತ್ತಿಗೆ ಸಿಕ್ಕಿತು. ಖಾಸಗಿ ಸಾಹಸವೆಂದು ಹೊಗಳುವಾಗ ಅದರ ಹಿಂದಿದ್ದ ಸಾರ್ವಜನಿಕ ಹಣವನ್ನು ಮರೆಯುವುದು ನ್ಯಾಯವಲ್ಲ.

ಪ್ರಶ್ನೆ: ಹನ್ನೊಂದು ನಿಮಿಷ ಹೋಗಿ ಬಂದವರನ್ನೂ ಗಗನಯಾತ್ರಿಗಳೆಂದು ಕರೆಯಬಹುದೇ?

ಉತ್ತರ: ಬಿರುದಿನ ವಿಚಾರದಲ್ಲಿ ನಮಗೆ ಹೆಚ್ಚು ಆಸಕ್ತಿಯಿಲ್ಲ. ಬಾಹ್ಯಾಕಾಶ 100 ಕಿಲೋಮೀಟರ್ ಎತ್ತರದಲ್ಲಿ ಆರಂಭವಾಗುತ್ತದೆಂದು ಕೆಲವರು, 80 ಕಿಲೋಮೀಟರ್ ಎತ್ತರದಲ್ಲೇ ಎಂದು ಅಮೆರಿಕದ ಸರ್ಕಾರಿ ಸಂಸ್ಥೆಗಳು ಎಣಿಸುತ್ತವೆ. ಇಂಥ ಕಿರುಯಾನ ಮಾಡಿದ ಬ್ಲೂ ಒರಿಜಿನ್ ಕಂಪನಿಯ ನ್ಯೂ ಶೆಪರ್ಡ್ ನೌಕೆ ಮೊದಲ ಗೆರೆಯನ್ನು, ವರ್ಜಿನ್ ಗ್ಯಾಲಾಕ್ಟಿಕ್ ಕಂಪನಿಯ ನೌಕೆ ಎರಡನೆಯ ಗೆರೆಯನ್ನು ದಾಟಿದವು.

ಬಿರುದಿಗಿಂತ ಮುಖ್ಯವಾದುದು ಶಕ್ತಿಯ ಲೆಕ್ಕ. ಒಂದು ಕಿಲೋಗ್ರಾಂ ತೂಕವನ್ನು 100 ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟುಬಿಡಲು ಸುಮಾರು 1 ಮೆಗಾಜೂಲ್ ಶಕ್ತಿ ಸಾಕು. ಅದೇ ತೂಕವನ್ನು ಬಾಹ್ಯಾಕಾಶ ನಿಲ್ದಾಣವಿರುವ 400 ಕಿಲೋಮೀಟರ್ ಎತ್ತರದ ಕಕ್ಷೆಯಲ್ಲಿ ನಿಲ್ಲಿಸಬೇಕಾದರೆ ಅದಕ್ಕೆ ಸೆಕೆಂಡಿಗೆ ಸುಮಾರು 7.7 ಕಿಲೋಮೀಟರ್ ವೇಗ ಬೇಕು, ಆಗ ಒಟ್ಟು ಶಕ್ತಿ ಸುಮಾರು 33 ಮೆಗಾಜೂಲ್ ಆಗುತ್ತದೆ. ಹೋಗುವಾಗ ತುಂಬಿದ ಈ ಶಕ್ತಿಯನ್ನೆಲ್ಲ ಮರಳುವಾಗ ಶಾಖವಾಗಿ ಕಳೆಯಬೇಕು. ಆದ್ದರಿಂದ ಕಕ್ಷೆಗೇರುವ ಯಾನಕ್ಕೆ ಶಾಖ ಕವಚ ಅನಿವಾರ್ಯ, ಕಕ್ಷೆಗೇರದ ಯಾನಕ್ಕೆ ಅಂಥ ಕವಚ ಬೇಕಿಲ್ಲ. ಇವೆರಡನ್ನೂ ‘ಬಾಹ್ಯಾಕಾಶ ಪ್ರವಾಸ’ ಎಂಬ ಒಂದೇ ಹೆಸರಿನಡಿ ಸೇರಿಸಿ ಸುರಕ್ಷತೆಯನ್ನು ಹೋಲಿಸುವುದು ತಪ್ಪು ದಾರಿಗೆಳೆಯುತ್ತದೆ.

ಪ್ರಶ್ನೆ: ವಿಮಾನಯಾನದೊಂದಿಗೆ ಹೋಲಿಸಿದರೆ ಇದು ಎಷ್ಟು ಸುರಕ್ಷಿತ? ಇತ್ತೀಚೆಗೆ ಖಾಸಗಿ ನೌಕೆಗಳಲ್ಲಿ ಯಾರೂ ಸತ್ತಿಲ್ಲವೆಂಬುದನ್ನು ಸುರಕ್ಷತೆಯ ಪುರಾವೆಯೆಂದು ಒಪ್ಪಬಹುದೇ?

ಉತ್ತರ: ಒಪ್ಪಲಾಗದು. ಕಾರಣ ಸರಳ ಗಣಿತದ್ದು. ಯಾವುದೇ ಯಂತ್ರ ಒಂದೂ ಅಪಘಾತವಿಲ್ಲದೆ 20 ಬಾರಿ ಹಾರಿದೆಯೆಂದುಕೊಳ್ಳೋಣ. ಆ ದಾಖಲೆಯೊಂದರ ಆಧಾರದ ಮೇಲೆ ನಾವು ಶೇ 95ರ ಭರವಸೆಯಿಂದ ಹೇಳಬಹುದಾದದ್ದು, ಅಪಘಾತದ ಸಂಭವ 20ಕ್ಕೆ 3ಕ್ಕಿಂತ, ಅಂದರೆ ಸುಮಾರು 7ಕ್ಕೆ 1ಕ್ಕಿಂತ, ಕಡಿಮೆಯಿದೆ ಎಂದಷ್ಟೇ. ಖಾಸಗಿ ನೌಕೆಗಳಿಗೆ ನಾಸಾ ವಿಧಿಸಿದ ಗುರಿ, ಯಾನಿಗಳನ್ನು ಕಳೆದುಕೊಳ್ಳುವ ಸಂಭವ 270ಕ್ಕೆ 1ನ್ನು ಮೀರಬಾರದು ಎಂಬುದು. ಹಾರಾಟಗಳ ಎಣಿಕೆಯಿಂದಲೇ ಇದನ್ನು ಸಾಬೀತುಪಡಿಸಬೇಕಾದರೆ 800ಕ್ಕೂ ಹೆಚ್ಚು ನಿರ್ವಿಘ್ನ ಹಾರಾಟಗಳು ಬೇಕು. ಅಷ್ಟು ಹಾರಾಟಗಳು ಯಾವ ಮಾನವಸಹಿತ ನೌಕೆಗೂ ಆಗಿಲ್ಲ. ಆದ್ದರಿಂದ ಆ ಸಂಖ್ಯೆ ಬಿಡಿಭಾಗಗಳ ಪರೀಕ್ಷೆ ಮತ್ತು ಲೆಕ್ಕಾಚಾರದಿಂದ ಬಂದ ಅಂದಾಜು. ಅಂದಾಜು ಎಷ್ಟು ತಪ್ಪಬಹುದೆಂಬುದಕ್ಕೆ ಸರ್ಕಾರಿ ಸ್ಪೇಸ್ ಶಟಲ್ಲೇ ಸಾಕ್ಷಿ: 1986ರ ಚಾಲೆಂಜರ್ ದುರಂತಕ್ಕೆ ಮೊದಲು ಅಲ್ಲಿನ ಆಡಳಿತಗಾರರು ಲಕ್ಷಕ್ಕೆ 1 ಎನ್ನುತ್ತಿದ್ದರು, ಎಂಜಿನಿಯರುಗಳು 100ಕ್ಕೆ 1 ಎನ್ನುತ್ತಿದ್ದರು, ಕೊನೆಗೆ 135 ಯಾನಗಳಲ್ಲಿ 2 ನೌಕೆಗಳೂ 14 ಜೀವಗಳೂ ಹೋದವು. ದಿನವೊಂದಕ್ಕೆ ಜಗತ್ತಿನಾದ್ಯಂತ ಹತ್ತಾರು ಸಾವಿರ ಬಾರಿ ಏರಿಳಿಯುವ ಪ್ರಯಾಣಿಕ ವಿಮಾನದ ಪಕ್ಕದಲ್ಲಿ ಇದನ್ನಿಟ್ಟು ನೋಡುವ ಪ್ರಶ್ನೆಯೇ ಏಳುವುದಿಲ್ಲ.

ಹಾಗಾದರೆ ಖಾಸಗಿ ಯಾನದಲ್ಲಿ ಸಾವುಗಳೇ ಆಗಿಲ್ಲವೇ ಎಂದರೆ, ಆಗಿವೆ. 2014ರ ಅಕ್ಟೋಬರ್ 31ರಂದು ಅಮೆರಿಕದ ಮೊಹಾವಿ ಮರುಭೂಮಿಯ ಮೇಲೆ ವರ್ಜಿನ್ ಗ್ಯಾಲಾಕ್ಟಿಕ್‌ಗಾಗಿ ಸ್ಕೇಲ್ಡ್ ಕಾಂಪೊಸಿಟ್ಸ್ ಕಂಪನಿ ನಿರ್ಮಿಸಿದ್ದ ನೌಕೆಯೊಂದು ಪರೀಕ್ಷಾ ಹಾರಾಟದಲ್ಲಿ ಛಿದ್ರವಾಯಿತು. ಈ ಪ್ರಕರಣವನ್ನು ಸ್ವಲ್ಪ ವಿವರವಾಗಿ ನೋಡುವುದು ಒಳ್ಳೆಯದು, ಏಕೆಂದರೆ ಅಪಾಯ ಎಲ್ಲಿ ಅಡಗಿರುತ್ತದೆಂದು ಇದರಷ್ಟು ಚೆನ್ನಾಗಿ ತೋರಿಸುವ ಉದಾಹರಣೆ ಕಡಿಮೆ. ಆ ನೌಕೆಯ ಬಾಲದ ಭಾಗವನ್ನು ಮೇಲಕ್ಕೆ ಮಡಿಸಬಹುದಿತ್ತು. ಮರಳುವಾಗ ಗಾಳಿಯ ತಡೆ ಹೆಚ್ಚಿ ನೌಕೆ ನಿಧಾನವಾಗಿ ಇಳಿಯಲೆಂಬುದು ಅದರ ಉದ್ದೇಶ. ಮಡಿಸಲು ಎರಡು ಹೆಜ್ಜೆಗಳಿದ್ದವು: ಮೊದಲು ಬೀಗದ ಹಿಡಿಕೆಯನ್ನು ಎಳೆದು ಸಡಿಲಿಸುವುದು, ಆಮೇಲೆ ಇನ್ನೊಂದು ಹಿಡಿಕೆಯಿಂದ ಬಾಲವನ್ನು ಎತ್ತುವುದು. ಬೀಗವನ್ನು ಶಬ್ದದ 1.4 ಪಟ್ಟು ವೇಗ ದಾಟಿದ ಮೇಲೆ ತೆಗೆಯಬೇಕಿತ್ತು. ತೀರ ತಡಮಾಡಿದರೆ ಹಾರಾಟವನ್ನೇ ರದ್ದುಪಡಿಸಬೇಕಾಗುತ್ತಿತ್ತು. ಸಹಪೈಲಟ್ ಮೈಕಲ್ ಆಲ್ಸ್‌ಬರಿ ಅದನ್ನು 0.8 ಪಟ್ಟು ವೇಗದಲ್ಲಿಯೇ ತೆಗೆದರು. ಎರಡನೆಯ ಹಿಡಿಕೆಯನ್ನು ಯಾರೂ ಮುಟ್ಟಲಿಲ್ಲ. ಆದರೆ ಶಬ್ದದ ವೇಗವನ್ನು ಸಮೀಪಿಸುವಾಗಿನ ಗಾಳಿಯ ಒತ್ತಡವೇ ಬೀಗವಿಲ್ಲದ ಬಾಲವನ್ನು ಎತ್ತಿತು, ನೌಕೆ ಗಾಳಿಯಲ್ಲೇ ಒಡೆಯಿತು. ಆಲ್ಸ್‌ಬರಿ ಸತ್ತರು, ಆಸನಸಮೇತ ಹೊರಗೆಸೆಯಲ್ಪಟ್ಟ ಪೈಲಟ್ ಪ್ಯಾರಾಚೂಟ್ ಬಿಚ್ಚಿಕೊಂಡದ್ದರಿಂದ ಗಾಯಗಳೊಂದಿಗೆ ಬದುಕಿದರು.

ತನಿಖೆ ನಡೆಸಿದ ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ 2015ರ ಜುಲೈನಲ್ಲಿ ಬೊಟ್ಟುಮಾಡಿದ್ದು ಸತ್ತವರ ಕೈಯನ್ನಷ್ಟೇ ಅಲ್ಲ. ಒಬ್ಬ ಮನುಷ್ಯನ ಒಂದೇ ತಪ್ಪಿನಿಂದ ಇಡೀ ನೌಕೆ ನಾಶವಾಗಬಹುದೆಂಬುದನ್ನು ತಯಾರಕರು ಮುಂಗಾಣಲಿಲ್ಲ, ಅದಕ್ಕೆ ತಡೆ ಇಡಲಿಲ್ಲ ಎಂದು ಅದು ಹೇಳಿತು. ಆ ಬಳಿಕದ ನೌಕೆಯಲ್ಲಿ ಬೀಗ ಅಕಾಲದಲ್ಲಿ ತೆರೆಯದಂತೆ ಯಾಂತ್ರಿಕ ತಡೆಯನ್ನು ಅಳವಡಿಸಲಾಯಿತು. ಆ ತಡೆ ಮೊದಲೇ ಇದ್ದಿದ್ದರೆ ಎಂಬ ಮಾತು ಸುಲಭ. ಆದರೆ ಸಣ್ಣ ತಂಡ, ಹೊಸ ಯಂತ್ರ, ಬೆರಳೆಣಿಕೆಯ ಹಾರಾಟಗಳಿರುವಲ್ಲಿ ಇಂಥ ಲೋಪವನ್ನು ಹುಡುಕಿ ತೆಗೆಯುವ ಹೊರಗಿನ ಕಣ್ಣು ಬೇಕು.

ಸರಿಯಾದ ದಿಕ್ಕಿನ ಉದಾಹರಣೆಗಳೂ ಇವೆ. 2019ರ ಏಪ್ರಿಲ್‌ನಲ್ಲಿ, ಆಗಷ್ಟೇ ನಿಲ್ದಾಣಕ್ಕೆ ಹೋಗಿ ಬಂದಿದ್ದ ಸ್ಪೇಸ್‌ಎಕ್ಸ್‌ನ ಡ್ರ್ಯಾಗನ್ ನೌಕೆಯೊಂದು ನೆಲದ ಮೇಲಿನ ಪರೀಕ್ಷೆಯಲ್ಲಿ ಸ್ಫೋಟಿಸಿತು. ಕವಾಟವೊಂದರ ಮೂಲಕ ಸೋರಿದ ದ್ರವರೂಪದ ಉತ್ಕರ್ಷಕ (ಇಂಧನ ಉರಿಯಲು ಬೇಕಾದ ರಾಸಾಯನಿಕ) ಹೀಲಿಯಂ ಕೊಳವೆಗೆ ಸೇರಿ, ಒತ್ತಡ ಏರಿದಾಗ ಗುಂಡಿನಂತೆ ನುಗ್ಗಿ ಟೈಟೇನಿಯಂ ಕವಾಟಕ್ಕೆ ಬೆಂಕಿ ಹಚ್ಚಿತ್ತು. ಒಳಗೆ ಯಾರೂ ಇರಲಿಲ್ಲ. ಆ ಕವಾಟಗಳ ಜಾಗದಲ್ಲಿ, ಒತ್ತಡ ಬಂದಾಗ ಮಾತ್ರ ಒಡೆದು ದಾರಿ ಬಿಡುವ ತಟ್ಟೆಗಳನ್ನು ಇಡಲಾಯಿತು. 2022ರ ಸೆಪ್ಟೆಂಬರ್‌ನಲ್ಲಿ ಜನರಿಲ್ಲದೆ ಹಾರಿದ್ದ ನ್ಯೂ ಶೆಪರ್ಡ್ ರಾಕೆಟ್ಟಿನ ಎಂಜಿನ್ ನಳಿಕೆ ಒಂದು ನಿಮಿಷದ ಹೊತ್ತಿಗೆ ಮುರಿಯಿತು. ಪಾರಾಗುವ ವ್ಯವಸ್ಥೆ ತಾನೇ ಚಾಲೂ ಆಗಿ ಮೇಲಿನ ಕೋಶವನ್ನು ದೂರ ಒಯ್ದು ಇಳಿಸಿತು. 2024ರ ಮೇ ತಿಂಗಳಲ್ಲಿ ಅದೇ ಬಗೆಯ ನೌಕೆ ಆರು ಮಂದಿಯನ್ನು ಹೊತ್ತು ಇಳಿಯುವಾಗ ಮೂರು ಪ್ಯಾರಾಚೂಟುಗಳಲ್ಲಿ ಒಂದು ಪೂರ್ತಿ ಅರಳಲಿಲ್ಲ, ಉಳಿದೆರಡರಿಂದಲೇ ಎಲ್ಲರೂ ಕ್ಷೇಮವಾಗಿ ನೆಲ ಮುಟ್ಟಿದರು.

ಪ್ರಶ್ನೆ: ಸುನೀತಾ ವಿಲಿಯಮ್ಸ್ ಅವರನ್ನು ಬಾಹ್ಯಾಕಾಶದಲ್ಲಿ ‘ಬಿಟ್ಟು ಬಂದದ್ದು’ ಖಾಸಗಿ ವ್ಯವಸ್ಥೆಯ ವೈಫಲ್ಯವಲ್ಲವೇ?

ಉತ್ತರ: ನೌಕೆಯ ವೈಫಲ್ಯ ಹೌದು, ವ್ಯವಸ್ಥೆಯದಲ್ಲ. ಬೋಯಿಂಗ್‌ನ ಸ್ಟಾರ್‌ಲೈನರ್ 2024ರ ಜೂನ್ 5ರಂದು ಸುನೀತಾ ವಿಲಿಯಮ್ಸ್ ಮತ್ತು ಬುಚ್ ವಿಲ್ಮೋರ್ ಅವರೊಂದಿಗೆ ಹೊರಟಿತು. ಇಂಧನವನ್ನು ಎಂಜಿನ್ನಿಗೆ ಒತ್ತಿ ತಳ್ಳುವ ಹೀಲಿಯಂ ಅನಿಲ ಸೋರುತ್ತಿತ್ತು, ನಿಲ್ದಾಣವನ್ನು ಸಮೀಪಿಸುವಾಗ ದಿಕ್ಕು ತಿದ್ದುವ 28 ಸಣ್ಣ ಎಂಜಿನ್ನುಗಳಲ್ಲಿ 5 ಕೈಕೊಟ್ಟವು. ಬಿಸಿಗೆ ಉಬ್ಬಿದ ಸೀಲೊಂದು ಇಂಧನದ ಹಾದಿಯನ್ನು ಕಿರಿದಾಗಿಸಿರಬಹುದೆಂದು ಪರೀಕ್ಷೆಗಳು ಸೂಚಿಸಿದವು, ಆದರೆ ಮರಳುವ ದಾರಿಯಲ್ಲಿ ಹಾಗಾಗುವುದಿಲ್ಲವೆಂದು ಯಾರೂ ಖಚಿತವಾಗಿ ಹೇಳುವಂತಿರಲಿಲ್ಲ. ಕಂಪನಿಗೆ ತನ್ನ ನೌಕೆಯ ಮೇಲೆ ನಂಬಿಕೆಯಿತ್ತು. ನಾಸಾ ಆಗಸ್ಟ್ 24ರಂದು ಬೇಡವೆಂದಿತು. ನೌಕೆ ಸೆಪ್ಟೆಂಬರ್‌ನಲ್ಲಿ ಖಾಲಿಯಾಗಿ ಸುರಕ್ಷಿತವಾಗಿಯೇ ಇಳಿಯಿತು, ಇಬ್ಬರೂ ಮತ್ತೊಂದು ಕಂಪನಿಯ ನೌಕೆಯಲ್ಲಿ 2025ರ ಮಾರ್ಚ್ 18ರಂದು, 286 ದಿನಗಳ ನಂತರ ಮರಳಿದರು.

ಖಾಲಿ ನೌಕೆ ಸುರಕ್ಷಿತವಾಗಿ ಇಳಿದದ್ದರಿಂದ ನಾಸಾದ ತೀರ್ಮಾನ ಅತಿಯಾಯಿತೆಂದು ಕೆಲವು ಓದುಗರು ಬರೆದಿದ್ದಾರೆ. ನಾವು ಹಾಗೆ ಭಾವಿಸುವುದಿಲ್ಲ. ತೀರ್ಮಾನವನ್ನು ಅಳೆಯಬೇಕಾದದ್ದು ಅದನ್ನು ಕೈಗೊಂಡ ದಿನ ಗೊತ್ತಿದ್ದ ಸಂಗತಿಗಳಿಂದ. ಹಾರಲು ಬಯಸುವ ಕಂಪನಿಗೂ ಬೇಡವೆನ್ನುವ ಅಧಿಕಾರವಿರುವ ಸಂಸ್ಥೆಗೂ ನಡುವೆ ಅಂತರವಿತ್ತು, ಬದಲಿ ನೌಕೆಯೂ ಇತ್ತು. ಪ್ರವಾಸಿಯೊಬ್ಬರು ಸ್ವಂತ ಹಣ ಕೊಟ್ಟು ಹೋಗುವ ಯಾನದಲ್ಲಿ ಇವೆರಡೂ ಇರುತ್ತವೆಂಬ ಖಾತರಿಯಿಲ್ಲ. 2024ರ ಸೆಪ್ಟೆಂಬರ್ 12ರಂದು ಮೊತ್ತಮೊದಲ ಖಾಸಗಿ ಬಾಹ್ಯಾಕಾಶ ನಡಿಗೆ ನಡೆದಾಗ ಡ್ರ್ಯಾಗನ್ ನೌಕೆಯಲ್ಲಿ ಪ್ರತ್ಯೇಕ ವಾಯುಬಂಧ ಕೋಣೆ ಇಲ್ಲದ್ದರಿಂದ ಇಡೀ ಕೋಶದ ಗಾಳಿಯನ್ನು ಹೊರಬಿಡಬೇಕಾಯಿತು, ಹೊರಗೆ ಬಂದ ಇಬ್ಬರಷ್ಟೇ ಅಲ್ಲದೆ ಒಳಗುಳಿದ ಇಬ್ಬರೂ ತಮ್ಮ ಉಡುಪನ್ನೇ ನೆಚ್ಚಿಕೊಂಡಿದ್ದರು. ಅದು ನಿಲ್ದಾಣಕ್ಕೆ ಹೋಗುವ ಯಾನವಾಗಿರಲಿಲ್ಲ, ಹಾಗಾಗಿ ನೌಕೆ ಕೆಟ್ಟರೆ ಆಸರೆಗೆ ನಿಲ್ದಾಣವೂ ಇರಲಿಲ್ಲ.

ಪ್ರಶ್ನೆ: ಪ್ರವಾಸಿ ಸತ್ತರೆ ಹೊಣೆ ಯಾರದು?

ಉತ್ತರ: ಈ ಯಾನಗಳಲ್ಲಿ ಹೆಚ್ಚಿನವು ಅಮೆರಿಕದಿಂದ ಹೊರಡುವುದರಿಂದ ಅಲ್ಲಿನ ಕಾನೂನನ್ನೇ ನೋಡಬೇಕು. 2004ರ ಕಾಯ್ದೆಯ ಪ್ರಕಾರ ಕಂಪನಿ ಯಾನದ ಅಪಾಯಗಳನ್ನು ಪ್ರವಾಸಿಗೆ ಲಿಖಿತವಾಗಿ ತಿಳಿಸಬೇಕು, ಈ ನೌಕೆ ಸುರಕ್ಷಿತವೆಂದು ಸರ್ಕಾರ ಪ್ರಮಾಣೀಕರಿಸಿಲ್ಲವೆಂದೂ ಸ್ಪಷ್ಟವಾಗಿ ಹೇಳಬೇಕು. ಪ್ರವಾಸಿ ತಿಳಿದೂ ಒಪ್ಪಿದ್ದೇನೆಂದು ಸಹಿ ಹಾಕಬೇಕು. ಒಳಗೆ ಕೂತವರ ಸುರಕ್ಷತೆಗಾಗಿ ನಿಯಮ ರೂಪಿಸದಂತೆ ಅಲ್ಲಿನ ವಿಮಾನಯಾನ ಆಡಳಿತವನ್ನು ಅದೇ ಕಾಯ್ದೆ ತಡೆದಿದೆ. ಉದ್ಯಮ ಕಲಿಯಲೆಂದು ಕೊಟ್ಟ ಈ ವಿನಾಯಿತಿಯನ್ನು ಪದೇ ಪದೇ ಮುಂದೂಡಿ ಈಗ 2028ರ ಜನವರಿ 1ರವರೆಗೆ ವಿಸ್ತರಿಸಲಾಗಿದೆ.

ಅದೇ ಆಡಳಿತ ನೆಲದ ಮೇಲಿನ ಜನರ ವಿಷಯದಲ್ಲಿ ಎಷ್ಟು ಬಿಗಿಯಾಗಿದೆ ನೋಡಿ: ಯಾನಕ್ಕೆ ಸಂಬಂಧಪಡದ ಯಾವುದೇ ಒಬ್ಬ ವ್ಯಕ್ತಿಗೆ ಒಂದು ಉಡಾವಣೆಯಿಂದ ಪ್ರಾಣಾಪಾಯದ ಸಂಭವ 10 ಲಕ್ಷಕ್ಕೆ 1ನ್ನು ಮೀರಿದರೆ ಪರವಾನಗಿ ಇಲ್ಲ. ಒಳಗೆ ಕೂತವರಿಗೆ ಅಂಥ ಮಿತಿಯೇ ಇಲ್ಲ. ತಿಳಿದು ಒಪ್ಪಿದವರಿಗೂ ಒಪ್ಪಿಗೆಯನ್ನೇ ಕೊಡದವರಿಗೂ ಹೀಗೆ ಭೇದ ಮಾಡುವುದು ತತ್ತ್ವತಃ ಸರಿಯೆಂದೇ ನಮ್ಮ ಅಭಿಪ್ರಾಯ; ಪರ್ವತಾರೋಹಿಗೂ ಇದೇ ಸ್ವಾತಂತ್ರ್ಯವಿದೆ. ತೊಡಕಿರುವುದು ‘ತಿಳಿದು’ ಎಂಬಲ್ಲಿ. ಬೀಗದ ಹಿಡಿಕೆಯನ್ನು ಬೇಗ ಎಳೆದರೆ ಏನಾಗುತ್ತದೆಂದು ತಯಾರಕರೇ ಯೋಚಿಸಿರದಿದ್ದಾಗ, ಕೆಲವು ದಿನಗಳ ತರಬೇತಿ ಪಡೆದ ಪ್ರಯಾಣಿಕರು ಏನನ್ನು ತಿಳಿದು ಸಹಿ ಹಾಕಿದಂತಾಯಿತು? ಅಪಘಾತಗಳ ಮತ್ತು ಕೂದಲೆಳೆಯಲ್ಲಿ ತಪ್ಪಿದ ಅವಘಡಗಳ ವಿವರವನ್ನು ಕಂಪನಿಗಳು ಪೂರ್ತಿಯಾಗಿ ಬಹಿರಂಗಪಡಿಸುವಂತೆ ಮಾಡಿದರೆ ಮಾತ್ರ ಆ ಸಹಿಗೆ ಬೆಲೆ ಬರುತ್ತದೆ.

ಅಂತರರಾಷ್ಟ್ರೀಯ ಕಾನೂನು ಪ್ರವಾಸಿಗೆ ಹೆಚ್ಚು ನೆರವಾಗದು. 1967ರ ಬಾಹ್ಯಾಕಾಶ ಒಪ್ಪಂದದ ಪ್ರಕಾರ ಖಾಸಗಿ ಕಂಪನಿಯ ಚಟುವಟಿಕೆಗೂ ಅದರ ದೇಶವೇ ಜವಾಬ್ದಾರಿ, ಅನುಮತಿ ಕೊಡುವುದರ ಜೊತೆಗೆ ನಿರಂತರ ಮೇಲ್ವಿಚಾರಣೆಯನ್ನೂ ಅದು ಮಾಡಬೇಕು. 1972ರ ಹೊಣೆಗಾರಿಕೆಯ ಒಡಂಬಡಿಕೆ ನೆಲದ ಮೇಲೆ ಅಥವಾ ಹಾರುತ್ತಿರುವ ವಿಮಾನಕ್ಕಾದ ಹಾನಿಗೆ ಉಡಾವಣೆ ಮಾಡಿದ ದೇಶವೇ, ತಪ್ಪಿರಲಿ ಇಲ್ಲದಿರಲಿ, ಪರಿಹಾರ ಕೊಡಬೇಕೆನ್ನುತ್ತದೆ. ಆದರೆ ಉಡಾವಣೆ ಮಾಡಿದ ದೇಶದ ಪ್ರಜೆಗಳನ್ನೂ ಯಾನದಲ್ಲಿ ಪಾಲ್ಗೊಂಡ ವಿದೇಶಿಯರನ್ನೂ ಅದು ಹೊರಗಿಡುತ್ತದೆ.

ಪ್ರಶ್ನೆ: ನಾವು ರಾಕೆಟ್ ಹತ್ತುವವರಲ್ಲ. ಕೆಳಗಿರುವ ನಮಗೇನು ಅಪಾಯ?

ಉತ್ತರ: ಮೂರು ಬಗೆಯದು, ಒಂದಕ್ಕಿಂತ ಒಂದು ನಿಧಾನವಾದದ್ದು.

ತಕ್ಷಣದ್ದು ಬೀಳುವ ಚೂರುಗಳದು. 2025ರ ಜನವರಿ 16ರಂದು ಸ್ಪೇಸ್‌ಎಕ್ಸ್‌ನ ಸ್ಟಾರ್‌ಶಿಪ್ ರಾಕೆಟ್ಟಿನ ಮೇಲ್ಹಂತ ಹಾರಾಟದ ಎಂಟೂವರೆ ನಿಮಿಷದ ಹೊತ್ತಿಗೆ ಒಡೆದು, ಅದರ ಉರಿಯುವ ಚೂರುಗಳು ಕೆರಿಬಿಯನ್ ಪ್ರದೇಶದ ಟರ್ಕ್ಸ್ ಮತ್ತು ಕೈಕೋಸ್ ದ್ವೀಪಗಳ ಬಳಿ ಸುರಿದವು. ಪ್ರಯಾಣಿಕ ವಿಮಾನಗಳು ದಾರಿ ಬದಲಿಸಿದವು, ಕೆಲವು ಸುತ್ತು ಹಾಕುತ್ತ ಕಾದವು. ಮಾರ್ಚ್ 6ರ ಮುಂದಿನ ಹಾರಾಟದಲ್ಲೂ ಮೇಲ್ಹಂತ ನಾಶವಾಯಿತು. ಬೇಗ ಕಟ್ಟಿ, ಹಾರಿಸಿ, ಒಡೆದದ್ದರಿಂದ ಕಲಿಯುವ ವಿಧಾನ ಫಲ ಕೊಡಬಲ್ಲದೆಂಬುದನ್ನು ಮೇಲೆ ಕಂಡೆವು. ಆದರೆ ಆ ಪಾಠದ ಬೆಲೆಯನ್ನು ವಿಮಾನದಲ್ಲಿ ಕೂತ ಅಪರಿಚಿತರ ಮೇಲೆ ಹಾಕುವ ಹಕ್ಕು ಯಾವ ಕಂಪನಿಗೂ ಇಲ್ಲ.

ಎರಡನೆಯದು ಕಕ್ಷೆಯ ದಟ್ಟಣೆ. 2009ರ ಫೆಬ್ರುವರಿ 10ರಂದು ಇರಿಡಿಯಂ ಕಂಪನಿಯ ಸಂಪರ್ಕ ಉಪಗ್ರಹಕ್ಕೂ ಕೆಲಸ ನಿಲ್ಲಿಸಿದ್ದ ರಷ್ಯಾದ ಕಾಸ್ಮೋಸ್ 2251 ಉಪಗ್ರಹಕ್ಕೂ ಸುಮಾರು 790 ಕಿಲೋಮೀಟರ್ ಎತ್ತರದಲ್ಲಿ ಡಿಕ್ಕಿಯಾಗಿ, ನೆಲದಿಂದ ಗುರುತಿಸಬಹುದಾದ ಗಾತ್ರದ ಚೂರುಗಳೇ ಸಾವಿರಗಟ್ಟಲೆ ಉಂಟಾದವು. ಆಗ ಕಕ್ಷೆಯಲ್ಲಿ ಕೆಲಸ ಮಾಡುತ್ತಿದ್ದ ಉಪಗ್ರಹಗಳು ಸಾವಿರದ ಆಸುಪಾಸಿನಲ್ಲಿದ್ದವು. ಈಗ ಸ್ಟಾರ್‌ಲಿಂಕ್ ಜಾಲವೊಂದರಲ್ಲೇ ಹಲವು ಸಾವಿರ ಉಪಗ್ರಹಗಳಿವೆ. ಕೆಳಕಕ್ಷೆಯ ಉಪಗ್ರಹಗಳನ್ನು ಕೆಲಸ ಮುಗಿದ 5 ವರ್ಷಗಳೊಳಗೆ ಇಳಿಸಬೇಕೆಂದು ಅಮೆರಿಕದ ಸಂಪರ್ಕ ಆಯೋಗ 2022ರಲ್ಲಿ ನಿಯಮ ಮಾಡಿದೆ. ಹಿಂದೆ ಈ ಅವಧಿ 25 ವರ್ಷವಿತ್ತು.

ಮೂರನೆಯದು ವಾತಾವರಣದ್ದು. ಸೀಮೆಎಣ್ಣೆಯಂಥ ಇಂಧನ ಉರಿಸುವ ರಾಕೆಟ್ಟುಗಳು ಮಸಿಯನ್ನು ನೇರವಾಗಿ ಮೇಲಿನ ವಾಯುಪದರಕ್ಕೆ ಒಯ್ಯುತ್ತವೆ, ಅಲ್ಲಿ ಮಳೆಯಿಲ್ಲದ್ದರಿಂದ ಅದು ಬೇಗ ತೊಳೆದುಹೋಗುವುದಿಲ್ಲ; ಉರಿದು ಬೀಳುವ ಉಪಗ್ರಹಗಳು ಅಲ್ಯೂಮಿನಿಯಂ ಆಕ್ಸೈಡಿನ ಕಣಗಳನ್ನು ಬಿಡುತ್ತವೆ. ಉಡಾವಣೆಗಳು ಕಡಿಮೆಯಿದ್ದಾಗ ಇದನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಪ್ರಶ್ನೆ: ಟಿಕೆಟ್ ಬೆಲೆ ಸಾಮಾನ್ಯರ ಕೈಗೆಟುಕುವುದು ಯಾವಾಗ?

ಉತ್ತರ: ಸದ್ಯಕ್ಕೆ ಬೆಲೆ ಹೋಗುತ್ತಿರುವುದು ಎದುರು ದಿಕ್ಕಿಗೆ. 2001ರಲ್ಲಿ ಡೆನ್ನಿಸ್ ಟಿಟೊ ರಷ್ಯಾದ ಸೊಯುಜ್ ನೌಕೆಯಲ್ಲಿ ನಿಲ್ದಾಣಕ್ಕೆ ಹೋಗಲು ಸುಮಾರು 2 ಕೋಟಿ ಡಾಲರ್ ಕೊಟ್ಟರೆಂದು ವರದಿಯಾಗಿತ್ತು. 2022ರಲ್ಲಿ ಆಕ್ಸಿಯಮ್ ಕಂಪನಿಯ ಮೊದಲ ಯಾನದ ಆಸನಕ್ಕೆ ಕೇಳಿಬಂದ ಬೆಲೆ 5.5 ಕೋಟಿ ಡಾಲರ್. ವರ್ಜಿನ್ ಗ್ಯಾಲಾಕ್ಟಿಕ್‌ನ ಕೆಲವು ನಿಮಿಷಗಳ ಯಾನದ ಟಿಕೆಟ್ 2 ಲಕ್ಷ ಡಾಲರಿನಿಂದ ಆರಂಭವಾಗಿ 6 ಲಕ್ಷಕ್ಕೆ ಮುಟ್ಟಿತು, ಅದರ ಹಳೆಯ ನೌಕೆ 2024ರ ಜೂನ್‌ನಲ್ಲಿ ನಿವೃತ್ತವೂ ಆಯಿತು. ರಾಕೆಟ್ಟಿನ ಮರುಬಳಕೆಯ ಲಾಭ ಉಪಗ್ರಹ ಕಳುಹಿಸುವವರಿಗೆ ಸಿಕ್ಕಿದೆ. ಮನುಷ್ಯನನ್ನು ಕಳುಹಿಸುವಾಗ ಉಸಿರಾಟದ ವ್ಯವಸ್ಥೆ, ಪಾರಾಗುವ ವ್ಯವಸ್ಥೆ, ತರಬೇತಿ, ಮರಳಿ ಇಳಿದಲ್ಲಿ ಕಾಯುವ ಹಡಗು ಎಲ್ಲವೂ ಸೇರಿಕೊಳ್ಳುತ್ತವೆ, ಇವುಗಳಲ್ಲಿ ಯಾವುದನ್ನೂ ಅಗ್ಗ ಮಾಡಿದ ಕಂಪನಿ ಇನ್ನೂ ಇಲ್ಲ. ಹಾಗೆ ಅಗ್ಗ ಮಾಡಿದ್ದೇವೆಂದು ಯಾವುದಾದರೂ ಕಂಪನಿ ಹೇಳಿದರೆ, ಬೆಲೆಯನ್ನು ಕೇಳುವ ಮೊದಲು ಯಾವುದನ್ನು ಕೈಬಿಟ್ಟಿರಿ ಎಂದು ಕೇಳಿ.